ಮನೆ ಯಜಮಾನನ ಸಂಬಳ

ನಮ್ಮ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ವಠಾರವೆಂಬುದನ್ನು ಕಾಣದವರು ವಿರಳ. ೧೮೯೨ರಲ್ಲಿ ಏರ್ಪಟ್ಟ ಚಾಮರಾಜಪೇಟೆಯಲ್ಲಾಗಲಿ, ೧೮೯೮ರ ಪ್ಲೇಗಿನ ತರುವಾಯ ಜನ ಪೇಟೆಯನ್ನು ಬಿಟ್ಟು ಬಂದು ನೆಲಸಿದ ಬಸವನಗುಡಿ, ಮಲ್ಲೇಶ್ವರಗಳಲ್ಲಾಗಲಿ, ಮನೆ ಕಟ್ಟಿಸಿದವರಲ್ಲಿ ಅನೇಕರು ತಮ್ಮ ವಾಸಕ್ಕೆ ರಸ್ತೆಯ ಕಡೆಗೆ ಒಂದು ಮನೆಯನ್ನೂ, ಮುಂದಿನ ಕಾಲಕ್ಕೆ ಆಧಾರವಾಗಿರಲೆಂದು ಹಿಂದಿನ ಜಾಗದಲ್ಲಿ ಸಾಲಾಗಿ ನಾಲ್ಕಾರು ಚಿಕ್ಕ ಮನೆಗಳನ್ನೂ ಕಟ್ಟಿಸಿದರು. ನಡುವೆ ಒಂದು ಅಂಗಳ, ಎಲ್ಲರಿಗೂ ಸೇರಿದ ಒಂದು ನಲ್ಲಿ, ಬಟ್ಟೆ ಒಗೆಯುವ ಕಲ್ಲು. ತಿಂಗಳ ಮೊದಲ ವಾರದಲ್ಲಿ ಬಾಡಿಗೆ. ಇಂತಹ ವಠಾರಗಳಲ್ಲಿ ಹಲವು ಈಗ ನೆಲಸಮವಾಗಿ, ಆ ಜಾಗದಲ್ಲಿ ಮೂರು ನಾಲ್ಕು ಅಂತಸ್ತಿನ ಕಟ್ಟಡಗಳು ಎದ್ದಿವೆ. ಆದರೆ ಕಟ್ಟಡದ ಆಕಾರ ಬದಲಾಯಿತೇ ಹೊರತು ವ್ಯವಸ್ಥೆ ಬದಲಾಗಿಲ್ಲ. ಯಜಮಾನರು ಒಂದು ಮನೆಯಲ್ಲಿ, ಬಾಡಿಗೆಯವರು ಉಳಿದವುಗಳಲ್ಲಿ.

ಆ ಬಾಡಿಗೆಯ ಮನೆಗಳಲ್ಲಿ ಇರುವವರನ್ನು “ನಿಮ್ಮ ಸಂಬಳವೆಷ್ಟು?” ಎಂದು ಕೇಳಿದರೆ, ಹೇಳಲು ಸಂಕೋಚಪಟ್ಟಾರು, ಆದರೆ ಅವರಿಗೆ ಅದು ಗೊತ್ತಿದೆ. ಅದೇ ಪ್ರಶ್ನೆಯನ್ನು ಯಜಮಾನರಿಗೆ ಹಾಕಿದರೆ, “ನನಗೆಂಥ ಸಂಬಳವಪ್ಪಾ, ಬಂದ ಬಾಡಿಗೆಯೆಲ್ಲ ನಂದೇ ಅಲ್ಲವೆ?” ಎಂಬ ಉತ್ತರ ಬರುತ್ತದೆ. ಮೇಲುನೋಟಕ್ಕೆ ಈ ಮಾತು ಸರಿಯೆಂದೇ ತೋರುವುದು. ಆದರೆ ಹಳೆಯ ಮನೆಗಳ ತಾರಸಿ ಸೋರುವುದಕ್ಕೂ, ಅಣ್ಣತಮ್ಮಂದಿರು ನ್ಯಾಯಾಲಯದ ಮೆಟ್ಟಿಲೇರುವುದಕ್ಕೂ, ಬಾಡಿಗೆಯವರು ತಮ್ಮ ಅಡ್ವಾನ್ಸಿಗಾಗಿ ತಿಂಗಳುಗಟ್ಟಲೆ ಅಲೆಯುವುದಕ್ಕೂ ಅನೇಕ ವೇಳೆ ಈ ಒಂದು ಮಾತೇ ಮೂಲ. ಬಾಡಿಗೆಯಿಂದ ಜೀವಿಸುವ ಯಜಮಾನನು ತನಗೆ ತಾನು ಎಷ್ಟು ಕೊಟ್ಟುಕೊಳ್ಳಬಹುದು, ಯಾವ ಹೆಸರಿನಲ್ಲಿ ಕೊಟ್ಟುಕೊಳ್ಳಬೇಕು ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

ಅರ್ಥಶಾಸ್ತ್ರದ ತರಗತಿಯಲ್ಲಿ ಗೇಣಿ, ಕೂಲಿ, ಲಾಭ ಎಂಬ ಮೂರು ಬಗೆಯ ವರಮಾನಗಳನ್ನು ಕುರಿತು ನಾವೆಲ್ಲ ಓದಿದ್ದೇವೆ. ೧೭೭೬ರಲ್ಲಿ ಪ್ರಕಟವಾದ ತನ್ನ ಪ್ರಸಿದ್ಧ ಗ್ರಂಥದಲ್ಲಿ ಆಡಂ ಸ್ಮಿತ್ತನು ಒಬ್ಬ ತೋಟಗಾರನ ಉದಾಹರಣೆಯನ್ನು ಕೊಡುತ್ತಾನೆ. ತನ್ನ ತೋಟವನ್ನು ತಾನೇ ಕೈಯಾರ ಬೇಸಾಯ ಮಾಡುವವನು ಭೂಮಿಯ ಒಡೆಯನೂ ಹೌದು, ಬಂಡವಾಳ ಹೂಡಿದ ರೈತನೂ ಹೌದು, ದುಡಿಯುವ ಆಳೂ ಹೌದು. ಅವನ ಬೆಳೆ ಈ ಮೂವರಿಗೂ ಸಲ್ಲತಕ್ಕದ್ದನ್ನು ಕೊಡಬೇಕು. ಆದರೆ ಲೋಕ ಅದೆಲ್ಲವನ್ನೂ ಕೂಡಿಸಿ ಅವನ ದುಡಿಮೆಯ ಫಲವೆಂದು ತಿಳಿಯುತ್ತದೆ ಎಂದು ಅವನ ಅಭಿಪ್ರಾಯ. ನಮ್ಮ ವಠಾರದ ಯಜಮಾನನ ವಿಷಯದಲ್ಲಿ ಆಗುವುದು ಇದಕ್ಕೆ ತಿರುಗುಮುರುಗು. ಅವನು ಮೋಟಾರು ಹಾಕಿ ಸಂಪಿನ ನೀರನ್ನು ಮೇಲಕ್ಕೆ ಏರಿಸುತ್ತಾನೆ, ಕೊಳಾಯಿಯವನನ್ನು ಕರೆತರುತ್ತಾನೆ, ಮನೆ ಖಾಲಿಯಾದರೆ ಸುಣ್ಣ ಬಣ್ಣ ಹೊಡೆಸಿ, ಬಂದವರಿಗೆಲ್ಲ ಬೀಗ ತೆಗೆದು ತೋರಿಸುತ್ತಾನೆ, ಕಂದಾಯ ಕಟ್ಟುತ್ತಾನೆ, ಕರಾರು ಪತ್ರ ಬರೆಸುತ್ತಾನೆ, ಜಗಳ ಬಿಡಿಸುತ್ತಾನೆ. ಇಷ್ಟು ಮಾಡಿದರೂ ಲೋಕ “ಅವರಿಗೇನು, ಕೂತಲ್ಲಿಗೇ ದುಡ್ಡು ಬರುತ್ತೆ” ಎನ್ನುತ್ತದೆ. ತೋಟಗಾರನಿಗೆ ಎಲ್ಲವೂ ಕೂಲಿಯಾಗಿ ಕಂಡರೆ, ಇವನಿಗೆ ಎಲ್ಲವೂ ಬಾಡಿಗೆಯಾಗಿ ಕಾಣುತ್ತದೆ. ಎರಡೂ ಕಡೆ ತಪ್ಪಿರುವುದು ವಿಂಗಡಣೆಯಲ್ಲಿ.

ವಿಂಗಡಿಸುವ ಬಗೆ ಹೇಗೆ? ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಚಾಮರಾಜಪೇಟೆಯಲ್ಲಿ ಒಂದು ವಠಾರ. ಹಿಂದೆ ಆರು ಮನೆಗಳು. ಒಂದೊಂದಕ್ಕೆ ತಿಂಗಳಿಗೆ ೧೫,೦೦೦ ರೂಪಾಯಿ ಬಾಡಿಗೆ. ಎಲ್ಲ ಮನೆಗಳೂ ವರ್ಷವಿಡೀ ತುಂಬಿದ್ದರೆ ಬರತಕ್ಕದ್ದು ೧೦,೮೦,೦೦೦ ರೂಪಾಯಿ. ಲೆಕ್ಕ ಹೀಗಾಗುತ್ತದೆ:

ಪೂರ್ಣ ಬಾಡಿಗೆ — ೧೦,೮೦,೦೦೦
ಮನೆ ಖಾಲಿ ಬಿದ್ದದ್ದರಿಂದ ನಷ್ಟ (ಮನೆಯೊಂದಕ್ಕೆ ಸರಾಸರಿ ಅರ್ಧ ತಿಂಗಳು) — ೪೫,೦೦೦
ಆರು ಮನೆಗಳ ಕಂದಾಯ — ೩೬,೦೦೦
ಆಯಾ ವರ್ಷದ ರಿಪೇರಿ, ಬಣ್ಣ, ಮೋಟಾರು, ಅಂಗಳದ ದೀಪ — ೧,೧೫,೦೦೦
ದೊಡ್ಡ ಕೆಲಸಗಳಿಗಾಗಿ ಮೀಸಲು — ೧,೪೦,೦೦೦
ಉಳಿಕೆ — ೭,೪೪,೦೦೦

ಇದರಲ್ಲಿ ಮೀಸಲಿನ ಬಾಬನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಹಣ ಖರ್ಚಾಗದಿರುವಾಗ ಅದನ್ನು ಕಳೆಯುವುದೇಕೆ? ಉತ್ತರ ಸರಳವಾಗಿದೆ. ತಾರಸಿಯನ್ನು ಹೊಸದಾಗಿ ಹಾಕಿಸುವುದು, ತಂತಿಗಳನ್ನೂ ಕೊಳವೆಗಳನ್ನೂ ಬದಲಾಯಿಸುವುದು ಮುಂತಾದ ಕೆಲಸಗಳು ಪ್ರತಿ ವರ್ಷ ಬರುವುದಿಲ್ಲ. ಬಂದಾಗ ಬಿಡುವುದೂ ಇಲ್ಲ. ಹತ್ತು ವರ್ಷಕ್ಕೊಮ್ಮೆ ೧೪ ಲಕ್ಷ ರೂಪಾಯಿಯ ಕೆಲಸ ಬೀಳುವುದಾದರೆ, ಪ್ರತಿ ವರ್ಷವೂ ೧,೪೦,೦೦೦ ರೂಪಾಯಿನಷ್ಟು ಮನೆ ಸವೆದಿದೆ ಎಂದೇ ಅರ್ಥ. ಆ ಹಣವನ್ನು ಉಣ್ಣುವವನು ಬಾಡಿಗೆಯನ್ನು ಉಣ್ಣುತ್ತಿಲ್ಲ, ತೊಲೆಯನ್ನೂ ಗೋಡೆಯನ್ನೂ ಉಣ್ಣುತ್ತಿದ್ದಾನೆ. “ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದು” ಎಂದು ನಮ್ಮ ಹಿರಿಯರು ಹೇಳುವುದರ ಲೆಕ್ಕಶಾಸ್ತ್ರ ಇದೇ.

ಇದಕ್ಕೆ ಚರಿತ್ರೆಯ ಸಾಕ್ಷಿಯೂ ಉಂಟು. ಮೈಸೂರು ಸಂಸ್ಥಾನದಲ್ಲಿ ೧೯೫೧ರ ಮನೆ ಬಾಡಿಗೆ ನಿಯಂತ್ರಣ ಕಾಯಿದೆಯೂ, ಬಳಿಕ ೧೯೬೧ರ ಕಾಯಿದೆಯೂ ಬಾಡಿಗೆದಾರರನ್ನು ಮನಸ್ವೀ ಏರಿಕೆಯಿಂದಲೂ ಒಕ್ಕಲೆಬ್ಬಿಸುವುದರಿಂದಲೂ ಕಾಪಾಡಿದುವು. ಅದು ಆ ಕಾಲಕ್ಕೆ ಅವಶ್ಯವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಬೆಲೆಗಳು ಏರುತ್ತ ಬಾಡಿಗೆ ಏರದಿದ್ದಾಗ, ಯಜಮಾನರು ಮೊದಲು ಕೈಬಿಟ್ಟದ್ದು ತಮ್ಮ ಊಟದ ಖರ್ಚನ್ನಲ್ಲ, ರಿಪೇರಿಯ ಖರ್ಚನ್ನು. ೨೦೦೧ರ ಕೊನೆಯಲ್ಲಿ ಜಾರಿಗೆ ಬಂದ ೧೯೯೯ರ ಕರ್ನಾಟಕ ಬಾಡಿಗೆ ಕಾಯಿದೆಯು ನಗರಗಳಲ್ಲಿ ಒಂದು ಮಿತಿಗಿಂತ ಹೆಚ್ಚಿನ ಬಾಡಿಗೆಯ ಮನೆಗಳನ್ನು ನಿಯಂತ್ರಣದಿಂದ ಹೊರಗಿಟ್ಟಿತು. ಬಾಡಿಗೆಯೇನೋ ಏರಿತು. ಆದರೆ ರಿಪೇರಿಯ ಪಾಲನ್ನು ಮೊದಲೇ ತೆಗೆದಿಡುವ ಅಭ್ಯಾಸ ಎಷ್ಟು ಮನೆಗಳಿಗೆ ಬಂದಿದೆ ಎಂಬುದನ್ನು ಗಾಂಧಿಬಜಾರಿನ ಸುತ್ತ ಒಂದು ಸಂಜೆ ನಡೆದು, ತಲೆಯೆತ್ತಿ ನೋಡಿದರೆ ತಿಳಿಯುತ್ತದೆ.

ಇನ್ನು ಉಳಿದ ೭,೪೪,೦೦೦ ರೂಪಾಯಿಗೆ ಬರೋಣ. ಇದರಲ್ಲಿ ಯಜಮಾನನ ಸಂಬಳವೆಷ್ಟು? ತನ್ನ ಸಂಬಳವನ್ನು ತಾನೇ ಗೊತ್ತುಮಾಡುವವನಿಗೆ ಆಸೆ ಒಂದು ಕಡೆಗೂ ಸಂಕೋಚ ಇನ್ನೊಂದು ಕಡೆಗೂ ಎಳೆಯುತ್ತದೆ. ಆದುದರಿಂದ ಒಂದು ಹೊರಗಿನ ಅಳತೆ ಬೇಕು. ನಾಳೆ ತಾನು ಊರಲ್ಲಿಲ್ಲದಿದ್ದರೆ, ಇದೇ ಕೆಲಸಕ್ಕೆ ಪರಕೀಯನೊಬ್ಬನನ್ನು ನೇಮಿಸಲು ಏನು ಕೊಡಬೇಕಾದೀತು? ಅದೇ ಅಳತೆ. ಮನೆಗೆ ಬಾಡಿಗೆದಾರರನ್ನು ಹುಡುಕಿಕೊಟ್ಟರೆ ದಲ್ಲಾಳಿಗಳು ಒಂದು ತಿಂಗಳ ಬಾಡಿಗೆಯನ್ನು ಕೇಳುವುದುಂಟು. ಮೇಲ್ವಿಚಾರಣೆಗೆ ಅರ್ಧ ಹೊತ್ತಿನ ಆಳಿಗೆ ಇಂತಿಷ್ಟೆಂದು ಬೀದಿಯಲ್ಲೇ ವಿಚಾರಿಸಬಹುದು. ನಮ್ಮ ಉದಾಹರಣೆಯಲ್ಲಿ ಅದು ತಿಂಗಳಿಗೆ ೧೨,೦೦೦, ವರ್ಷಕ್ಕೆ ೧,೪೪,೦೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ಹಾಗಾದರೆ ಮಾಲೀಕತ್ವಕ್ಕೆ ಸಲ್ಲುವ ನಿಜವಾದ ಫಲ ೬,೦೦,೦೦೦ ರೂಪಾಯಿ.

ಯಜಮಾನನು ಒಬ್ಬನೇ ಆಗಿದ್ದರೆ ಈ ವಿಭಾಗದಿಂದ ಏನು ಪ್ರಯೋಜನ, ಎಡಗೈಯಿಂದ ಬಲಗೈಗೆ ತಾನೆ ಎಂದು ಕೇಳಬಹುದು. ಪ್ರಯೋಜನವಿದೆ. ಆದರೆ ಅದು ಸ್ಪಷ್ಟವಾಗಿ ತೋರುವುದು ಮನೆ ಹಲವರಿಗೆ ಸೇರಿದಾಗ. ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ, ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮಾನ ಹಕ್ಕನ್ನು ಕೊಟ್ಟ ೨೦೦೫ರ ತಿದ್ದುಪಡಿಯೂ ಬಂದ ಮೇಲೆ, ಬೇರೆ ಊರಿನಲ್ಲಿರುವ ತಂಗಿಯೂ ವಠಾರದ ಯಜಮಾನಿಯೇ. ನಮ್ಮ ವಠಾರವು ಅಣ್ಣ, ತಮ್ಮ, ತಂಗಿ ಈ ಮೂವರಿಗೆ ಸಮಪಾಲಾಗಿ ಬಂದಿದೆಯೆಂದೂ, ಅಣ್ಣನು ರಸ್ತೆಯ ಕಡೆಯ ಮನೆಯಲ್ಲಿದ್ದು ಎಲ್ಲವನ್ನೂ ನೋಡಿಕೊಳ್ಳುತ್ತಾನೆಂದೂ ಭಾವಿಸೋಣ.

ಅಣ್ಣ ಹೇಳುವುದೇನು? “ಹಗಲೂ ರಾತ್ರಿ ನಾನು ಏಗಬೇಕು, ಪಾಲು ಮಾತ್ರ ಮೂವರಿಗೂ ಸಮ.” ತಮ್ಮ, ತಂಗಿ ಹೇಳುವುದೇನು? “ಅಣ್ಣ ಅಷ್ಟು ದೊಡ್ಡ ಮನೆಯಲ್ಲಿ ಬಿಟ್ಟಿ ಇದ್ದಾನೆ.” ಇಬ್ಬರ ಮಾತೂ ನಿಜ. ಇಬ್ಬರ ಮಾತೂ ಕಾಗದದ ಮೇಲೆ ಬಾರದಿರುವುದೇ ತೊಂದರೆ. ಸ್ವಂತ ಮನೆಯಲ್ಲಿ ವಾಸಿಸುವವನು ಕೊಡದೆ ಉಳಿಸುವ ಬಾಡಿಗೆಯೂ ಒಂದು ವರಮಾನವೇ ಎಂದು ಅರ್ಥಶಾಸ್ತ್ರಜ್ಞರು ಎಣಿಸುತ್ತಾರೆ. ಮುಂದಿನ ಮನೆಗೆ ಬಾಡಿಗೆ ತಿಂಗಳಿಗೆ ೨೦,೦೦೦ ಬರುವಂತಿದ್ದರೆ, ವರ್ಷಕ್ಕೆ ೨,೪೦,೦೦೦ ರೂಪಾಯಿ. ಅದರ ಕಂದಾಯವನ್ನೂ ರಿಪೇರಿಯನ್ನೂ ಅಣ್ಣನೇ ನೋಡಿಕೊಳ್ಳಲಿ. ಈಗ ಮಾಲೀಕತ್ವದ ಫಲ ೬,೦೦,೦೦೦ವನ್ನೂ ೨,೪೦,೦೦೦ವನ್ನೂ ಕೂಡಿಸಿದರೆ ೮,೪೦,೦೦೦. ತಲೆಗೆ ೨,೮೦,೦೦೦ ರೂಪಾಯಿ. ತಮ್ಮನಿಗೂ ತಂಗಿಗೂ ತಲಾ ೨,೮೦,೦೦೦ ನಗದು. ಅಣ್ಣನಿಗೆ ೨,೪೦,೦೦೦ ವಾಸದ ರೂಪದಲ್ಲಿ ಆಗಲೇ ಸಂದಿದೆ, ನಗದು ೪೦,೦೦೦, ಅದರ ಮೇಲೆ ಸಂಬಳ ೧,೪೪,೦೦೦, ಒಟ್ಟು ಕೈಗೆ ೧,೮೪,೦೦೦. ಮೂರನ್ನೂ ಕೂಡಿಸಿದರೆ ಮತ್ತೆ ಅದೇ ೭,೪೪,೦೦೦ ಬರುತ್ತದೆ.

ಹೀಗೆ ಲೆಕ್ಕ ಹಾಕದೆ ೭,೪೪,೦೦೦ವನ್ನು ಸುಮ್ಮನೆ ಮೂರು ಪಾಲು ಮಾಡಿದ್ದರೆ ಒಬ್ಬೊಬ್ಬರಿಗೆ ೨,೪೮,೦೦೦ ಬರುತ್ತಿತ್ತು. ಆಗ ಅಣ್ಣನು ತನ್ನ ಸಂಬಳವನ್ನು ಪಡೆದು ಮೇಲೆ ೬೪,೦೦೦ ರೂಪಾಯಿಯನ್ನು ಹೆಚ್ಚಾಗಿಯೇ ಪಡೆಯುತ್ತಿದ್ದನು. ಆದರೂ ತಾನು ಬಿಟ್ಟಿ ದುಡಿಯುತ್ತಿದ್ದೇನೆಂದೇ ಕೊರಗುತ್ತಿದ್ದನು! ಅಂಕೆಗಳು ಬೇರೆಯಾಗಿದ್ದರೆ ಫಲ ಅಣ್ಣನ ಪರವಾಗಿಯೂ ಬರಬಹುದು. ಯಾರ ಪರ ಎಂಬುದು ಮುಖ್ಯವಲ್ಲ. ದುಡಿಮೆಗೆ ಸಂಬಳ, ವಾಸಕ್ಕೆ ಬಾಡಿಗೆ, ಹಕ್ಕಿಗೆ ಪಾಲು ಎಂದು ಮೂರು ಹೆಸರು ಇಟ್ಟ ಮೇಲೆ ಮನಸ್ಸಿನೊಳಗಿನ ಕಹಿಗೆ ಎಡೆ ಕಡಿಮೆಯಾಗುತ್ತದೆ.

ಇಲ್ಲಿ ಅಡ್ವಾನ್ಸಿನ ವಿಷಯವನ್ನು ಹೇಳಲೇಬೇಕು. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಪಡೆಯುವ ರೂಢಿ ಬಹುಕಾಲದಿಂದ ಪ್ರಸಿದ್ಧವಾಗಿದೆ. ಆ ರೂಢಿಯಂತೆ ನಮ್ಮ ವಠಾರದಲ್ಲಿ ಆರು ಮನೆಗಳಿಂದ ೯,೦೦,೦೦೦ ರೂಪಾಯಿ ಯಜಮಾನರ ಕೈಯಲ್ಲಿರುತ್ತದೆ. ಭೋಗ್ಯಕ್ಕೆ ಕೊಟ್ಟ ಮನೆಯಾದರೆ ತಿಂಗಳ ಬಾಡಿಗೆಯೇ ಇಲ್ಲ. ಒಂದೇ ದೊಡ್ಡ ಮೊತ್ತ, ಅವಧಿ ಮುಗಿದಾಗ ಪೂರ್ತಿ ಹಿಂದಕ್ಕೆ. ಈ ಹಣ ವರಮಾನವಲ್ಲ, ಸಾಲ. ಮಗಳ ಮದುವೆಗೋ ಮಗನ ಫೀಸಿಗೋ ಇದನ್ನು ಬಳಸಿದವರು, ಹಳೆಯ ಬಾಡಿಗೆದಾರರು ಹೊರಟಾಗ ಹೊಸಬರ ಅಡ್ವಾನ್ಸ್ ಬರುವ ತನಕ ಕಾಯುವಂತೆ ಹೇಳುತ್ತಾರೆ. ಹೊರಟವರು ಆ ಹಣವನ್ನು ನಂಬಿಕೊಂಡು ಇನ್ನೊಂದು ಮನೆಗೆ ಮಾತು ಕೊಟ್ಟಿರುತ್ತಾರೆ. ಒಬ್ಬನು ತನಗೆ ಸಲ್ಲದ ಸಂಬಳವನ್ನು ತೆಗೆದುಕೊಂಡದ್ದಕ್ಕೆ ಇನ್ನೊಬ್ಬನ ಸಾಮಾನು ಬೀದಿಯಲ್ಲಿ ನಿಲ್ಲುತ್ತದೆ. ಕೇಂದ್ರ ಸರಕಾರವು ೨೦೨೧ರಲ್ಲಿ ರಾಜ್ಯಗಳ ಮುಂದಿಟ್ಟ ಮಾದರಿ ಕಾಯಿದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆಂದು ಸೂಚಿಸಿರುವುದು ಈ ತೊಂದರೆಯನ್ನು ಕಂಡೇ ಇರಬೇಕು. ಮಾದರಿ ಕಾಯಿದೆಗೆ ತನ್ನಷ್ಟಕ್ಕೆ ಬಲವಿಲ್ಲ. ಆಯಾ ರಾಜ್ಯ ಅಂಗೀಕರಿಸಬೇಕು. ಆದರೆ ಅಡ್ವಾನ್ಸನ್ನು ಪ್ರತ್ಯೇಕ ಬ್ಯಾಂಕಿನ ಖಾತೆಯಲ್ಲಿಡಲು ಯಾವ ಕಾಯಿದೆಯೂ ಅಡ್ಡಬರುವುದಿಲ್ಲ.

ಈಗ ಸರಕಾರ ಈ ಸಂಬಳವನ್ನು ಹೇಗೆ ನೋಡುತ್ತದೆ ಎಂಬುದನ್ನು ಪರಿಶೀಲಿಸೋಣ. ಮನೆ ವ್ಯಕ್ತಿಗಳ ಹೆಸರಿನಲ್ಲಿದ್ದರೆ, ವರಮಾನ ತೆರಿಗೆಯವರು ಬಂದ ಬಾಡಿಗೆಯಿಂದ ಕಟ್ಟಿದ ಕಂದಾಯವನ್ನು ಕಳೆದು, ಉಳಿದದ್ದರಲ್ಲಿ ನೂರಕ್ಕೆ ೩೦ರಂತೆ ಒಂದು ಸಾರಾಸಗಟು ರಿಯಾಯಿತಿ ಕೊಡುತ್ತಾರೆ. ಮನೆಗಾಗಿ ಮಾಡಿದ ಸಾಲದ ಬಡ್ಡಿಗೂ ನಿಯಮಾನುಸಾರ ರಿಯಾಯಿತಿಯುಂಟು. ರಿಪೇರಿ, ವಸೂಲಿ, ಯಜಮಾನನ ಶ್ರಮ ಎಲ್ಲವೂ ಆ ೩೦ರೊಳಗೇ ಅಡಕ. ನಮ್ಮ ವಠಾರದಲ್ಲಿ ಬಂದ ಬಾಡಿಗೆ ೧೦,೩೫,೦೦೦. ಕಂದಾಯ ಕಳೆದರೆ ೯,೯೯,೦೦೦. ಅದರಲ್ಲಿ ರಿಯಾಯಿತಿ ೨,೯೯,೭೦೦. ತೆರಿಗೆಗೆ ಒಳಪಡುವುದು ೬,೯೯,೩೦೦. ಮೂವರ ಪಾಲು ಗೊತ್ತಾಗಿರುವುದರಿಂದ ಒಬ್ಬೊಬ್ಬರ ಲೆಕ್ಕಕ್ಕೆ ೨,೩೩,೧೦೦. ೨೦೨೫–೨೬ರ ಸಾಲಿನ ಹೊಸ ಪದ್ಧತಿಯಲ್ಲಿ ನಾಲ್ಕು ಲಕ್ಷದವರೆಗಿನ ವರಮಾನಕ್ಕೆ ತೆರಿಗೆಯಿಲ್ಲವಾದ್ದರಿಂದ, ಬೇರೆ ವರಮಾನವಿಲ್ಲದವರು ಏನನ್ನೂ ಕಟ್ಟಬೇಕಾಗಿಲ್ಲ. ಅಣ್ಣನ ಸಂಬಳವು ಮನೆಯವರೊಳಗಿನ ಒಪ್ಪಂದ. ಬಾಡಿಗೆಯ ತೆರಿಗೆ ಲೆಕ್ಕದಲ್ಲಿ ಅದಕ್ಕಾಗಿ ಬೇರೆ ಕಡಿತ ಸಿಗದು.

ಇತ್ತೀಚೆಗೆ ಕೆಲವು ಕುಟುಂಬಗಳವರು “ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಮಾಡಿಬಿಡೋಣ, ಡೈರೆಕ್ಟರಾಗಿ ಸಂಬಳ ತೆಗೆದುಕೊಳ್ಳೋಣ” ಎಂದು ಆಲೋಚಿಸುವುದುಂಟು. ಕಂಪನಿ ಎಂದರೇನು ಎಂಬುದನ್ನು ಇಲ್ಲಿ ತಿಳಿಯಬೇಕು. ೧೮೯೬ರಲ್ಲಿ ಲಂಡನ್ನಿನ ಬೂಟುಗಳ ವ್ಯಾಪಾರಿ ಸಾಲೊಮನ್ ಎಂಬುವನ ಮೊಕದ್ದಮೆಯಲ್ಲಿ, ಒಬ್ಬನೇ ನಡೆಸುವ ಕಂಪನಿಯೂ ಅವನಿಂದ ಬೇರೆಯಾದ ಒಂದು ವ್ಯಕ್ತಿಯೆಂದು ತೀರ್ಮಾನವಾಯಿತು. ೧೯೫೪ರಲ್ಲಿ ನಮ್ಮ ಸುಪ್ರೀಂ ಕೋರ್ಟು ಬಚ್ಚಾ ಗುಜ್ದಾರ್ ಎಂಬುವರ ಮೊಕದ್ದಮೆಯಲ್ಲಿ, ಷೇರುದಾರನಿಗೆ ಲಾಭಾಂಶದ ಹಕ್ಕುಂಟೇ ಹೊರತು ಕಂಪನಿಯ ಆಸ್ತಿ ಅವನದಲ್ಲವೆಂದು ಹೇಳಿತು. ಅಂದಮೇಲೆ, ಕಂಪನಿಗೆ ಬಂದ ಬಾಡಿಗೆಯನ್ನು “ನಂದೇ” ಎನ್ನುವ ಹಾಗಿಲ್ಲ.

ಹಾಗಾದರೆ ತಾನೇ ಒಡೆಯನಾದ ಕಂಪನಿಯಲ್ಲಿ ತಾನೇ ನೌಕರನಾಗಬಹುದೆ? ಆಗಬಹುದು. ನ್ಯೂಜಿಲೆಂಡಿನಲ್ಲಿ ಲೀ ಎಂಬುವನೊಬ್ಬನು ವಿಮಾನದಿಂದ ಹೊಲಗಳಿಗೆ ಗೊಬ್ಬರ ಚೆಲ್ಲುವ ಕಂಪನಿಯನ್ನು ಸ್ಥಾಪಿಸಿದನು. ೩,೦೦೦ ಷೇರುಗಳಲ್ಲಿ ೨,೯೯೯ ಅವನವೇ. ಆಡಳಿತ ನಿರ್ದೇಶಕನೂ ಅವನೇ, ಸಂಬಳ ಪಡೆಯುವ ಪೈಲಟ್ಟೂ ಅವನೇ. ೧೯೫೬ರಲ್ಲಿ ಕೆಲಸದ ಮೇಲಿದ್ದಾಗ ವಿಮಾನ ಬಿದ್ದು ತೀರಿಕೊಂಡನು. ಅವನ ವಿಧವೆಯು ಕಾರ್ಮಿಕರಿಗೆ ಸಲ್ಲುವ ಪರಿಹಾರವನ್ನು ಕೇಳಿದಾಗ, ಒಡೆಯನು ತನಗೆ ತಾನೇ ಆಳಾಗಲಾರನೆಂದು ಅಲ್ಲಿಯ ನ್ಯಾಯಾಲಯ ತಳ್ಳಿಹಾಕಿತು. ಪ್ರಿವಿ ಕೌನ್ಸಿಲು ೧೯೬೦ರಲ್ಲಿ ಅದನ್ನು ತಿರುಗಿಸಿ, ಕರಾರು ಲೀಗೂ ಕಂಪನಿಗೂ ನಡುವೆ ಆದದ್ದು, ಆದ್ದರಿಂದ ಅವನು ನೌಕರನೇ ಎಂದು ತೀರ್ಪಿತ್ತಿತು. ಸಂಬಳವೆಂಬ ಹೆಸರು ಬರೀ ಹೆಸರಲ್ಲ, ಸಂಕಟದ ಕಾಲದಲ್ಲಿ ಒಂದು ಸಂಸಾರಕ್ಕೆ ಅನ್ನ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಆದರೆ ತೆರಿಗೆಯ ದೃಷ್ಟಿಯಿಂದ ವಾಸದ ಮನೆಗಳಿಗೆ ಕಂಪನಿ ಲಾಭಕರವಲ್ಲ. ಬಾಡಿಗೆಗೆ ಕೊಡುವುದೇ ಮುಖ್ಯ ಉದ್ದೇಶವಾಗಿರುವ ಕಂಪನಿಗೆ ಬಾಡಿಗೆಯು ವ್ಯಾಪಾರದ ವರಮಾನವೆಂದು ಸುಪ್ರೀಂ ಕೋರ್ಟು ೨೦೧೫ರಲ್ಲಿ ಚೆನ್ನೈ ಪ್ರಾಪರ್ಟೀಸ್ ಕಂಪನಿಯ ಮೊಕದ್ದಮೆಯಲ್ಲಿ ಹೇಳಿತ್ತು. ವ್ಯಾಪಾರವಾದರೆ ಸಂಬಳ, ರಿಪೇರಿ, ಸವಕಳಿ ಎಲ್ಲವನ್ನೂ ಕಳೆಯಬಹುದು. ಆದರೆ ೨೦೨೪ರ ಎರಡನೆಯ ಹಣಕಾಸು ಕಾಯಿದೆಯು, ವಾಸದ ಮನೆಯನ್ನು ಒಡೆಯರು ಬಾಡಿಗೆಗೆ ಕೊಟ್ಟರೆ ಅದು ಮನೆಯ ವರಮಾನವೇ ಹೊರತು ವ್ಯಾಪಾರದ್ದಲ್ಲವೆಂದು ವಿಧಿಸಿತು. ಹೀಗಾಗಿ ನಮ್ಮ ವಠಾರವನ್ನು ಕಂಪನಿಗೆ ವರ್ಗಾಯಿಸಿದರೆ, ಆ ೬,೯೯,೩೦೦ ರೂಪಾಯಿಗೆ, ನೂರಕ್ಕೆ ೨೨ರ ದರವನ್ನು ಆರಿಸಿಕೊಂಡ ಕಂಪನಿಯಾದರೂ, ಸರ್‌ಚಾರ್ಜು ಸೆಸ್ಸುಗಳೂ ಸೇರಿ ಸುಮಾರು ೧,೭೬,೦೦೦ ರೂಪಾಯಿ ತೆರಿಗೆ ಕಟ್ಟಬೇಕು. ಅಣ್ಣನ ಸಂಬಳವನ್ನು ಅದರಿಂದ ಕಳೆಯುವಂತಿಲ್ಲ. ಆದರೂ ಅಣ್ಣನ ಕೈಯಲ್ಲಿ ಅದು ಸಂಬಳವೆಂದೇ ಲೆಕ್ಕಕ್ಕೆ ಬರುತ್ತದೆ. ಇದಲ್ಲದೆ ವರ್ಗಾವಣೆಯ ಮುದ್ರಾಂಕ ಶುಲ್ಕ, ವರ್ಷವರ್ಷದ ಆಡಿಟ್ಟು, ರಿಜಿಸ್ಟ್ರಾರರಿಗೆ ಲೆಕ್ಕ. ಆರು ಮನೆಯ ವಠಾರಕ್ಕೆ ಇಷ್ಟು ಆಡಂಬರ ಏಕೆ?

ಸಂಪಿಗೆ ರಸ್ತೆಯಲ್ಲೋ ಡಿ.ವಿ.ಜಿ. ರಸ್ತೆಯಲ್ಲೋ ಅಂಗಡಿ ಮಳಿಗೆಗಳಿರುವ ಕಂಪನಿಯ ಮಾತು ಬೇರೆ. ಅಲ್ಲಿ ಸನ್ನಿವೇಶವನ್ನು ಅನುಸರಿಸಿ ಬಾಡಿಗೆ ವ್ಯಾಪಾರವೆನಿಸಬಹುದು. ಆಗ ಒಡೆಯನಿಗೆ ಹಣ ಬರುವ ದಾರಿಗಳು ಎರಡು. ಮಾಡಿದ ಕೆಲಸಕ್ಕೆ ಸಂಬಳ. ಇದು ಕಂಪನಿಗೆ ಖರ್ಚು, ಆದರೆ ಕೆಲಸಕ್ಕೆ ಮೀರಿದ ಸಂಬಳವಾದರೆ ಮೀರಿದಷ್ಟನ್ನು ತೆರಿಗೆಯವರು ಒಪ್ಪುವುದಿಲ್ಲ. ಎರಡನೆಯದು ಷೇರಿಗೆ ಲಾಭಾಂಶ. ಇದನ್ನು ಸವಕಳಿ ಕಳೆದ ಲಾಭದಿಂದಲೇ ಕೊಡಬೇಕು, ೨೦೨೦ರ ಏಪ್ರಿಲಿನಿಂದ ಇದರ ತೆರಿಗೆ ಪಡೆದವರ ಮೇಲೆ. ಮೂರನೆಯ ದಾರಿಯೊಂದನ್ನು ಕೆಲವರು ಹಿಡಿಯುತ್ತಾರೆ. ಬೇಕಾದಾಗ ಕಂಪನಿಯ ಖಾತೆಯಿಂದ ತೆಗೆದು “ಸಾಲ” ಎಂದು ಬರೆಯುವುದು. ಹತ್ತನೆಯ ಒಂದು ಪಾಲು ಅಥವಾ ಹೆಚ್ಚು ಮತಾಧಿಕಾರವುಳ್ಳ ಷೇರುದಾರನಿಗೆ ಖಾಸಗಿ ಕಂಪನಿ ಕೊಟ್ಟ ಇಂತಹ ಸಾಲವನ್ನು, ಕೂಡಿಟ್ಟ ಲಾಭದ ಮಟ್ಟಿಗೆ, ಕಾಯಿದೆ ಲಾಭಾಂಶವೆಂದೇ ಎಣಿಸುತ್ತದೆ. ನಿರ್ದೇಶಕರಿಗೆ ಸಾಲ ಕೊಡುವುದಕ್ಕೆ ೨೦೧೩ರ ಕಂಪನಿ ಕಾಯಿದೆಯ ಕಟ್ಟುಪಾಡುಗಳೂ ಇವೆ.

ಒಟ್ಟಿನಲ್ಲಿ ಹೇಳುವುದಾದರೆ, ಹಣ ತೆಗೆಯುವ ಕ್ರಮವೇ ಎಲ್ಲಕ್ಕಿಂತ ಮುಖ್ಯ. ಅಡ್ವಾನ್ಸನ್ನು ಮುಟ್ಟಬಾರದು. ಬಾಡಿಗೆಯಿಂದ ಮೊದಲು ಕಂದಾಯ, ಆಮೇಲೆ ರಿಪೇರಿ, ಆಮೇಲೆ ಮೀಸಲು, ಆಮೇಲೆ ದುಡಿದವರ ಸಂಬಳ, ಕೊನೆಯಲ್ಲಿ ಪಾಲು. ಸಂಬಳವನ್ನು ತಿಂಗಳಿಗೊಮ್ಮೆ ಒಂದೇ ತಾರೀಖಿನಲ್ಲಿ ಒಂದೇ ಮೊತ್ತವಾಗಿ ತೆಗೆಯಬೇಕು. ಪಾಲನ್ನು ವರ್ಷದ ಲೆಕ್ಕ ಮುಗಿದ ಮೇಲೆ, ಇಲ್ಲವೆ ಮೂರು ತಿಂಗಳಿಗೊಮ್ಮೆ ಅಂದಾಜಿನಂತೆ ಹಂಚಬಹುದು. ಸಾಮಾನ್ಯವಾಗಿ ಆಗುವುದು ಇದರ ತಲೆಕೆಳಗು. ಮೊದಲು ಮನೆಖರ್ಚು, ಉಳಿದರೆ ಕಂದಾಯ, ಮತ್ತೂ ಉಳಿದರೆ ರಿಪೇರಿ.

ನಮ್ಮಲ್ಲಿ ಹಲವರು ಇಂತಹ ಮನೆಗಳ ಯಜಮಾನರ ಮಕ್ಕಳು. ಇನ್ನೂ ಹಲವರು ಇಂತಹ ಮನೆಗಳಲ್ಲಿ ಬಾಡಿಗೆಗೆ ಇರುವವರ ಮಕ್ಕಳು. ಮೀಸಲು ತೆಗೆದಿಟ್ಟ ತಾರಸಿಯ ಕೆಳಗೆ ಇಬ್ಬರೂ ನಿಶ್ಚಿಂತೆಯಿಂದ ಓದಬಹುದು. ಯಜಮಾನರ ಮಕ್ಕಳಾದವರು ಈ ರಜೆಯಲ್ಲಿ ಒಂದು ಮಧ್ಯಾಹ್ನ ತಂದೆ ತಾಯಿಯರೊಡನೆ, ಸಾಧ್ಯವಾದರೆ ಚಿಕ್ಕಪ್ಪ ಸೋದರತ್ತೆಯರನ್ನೂ ಕರೆದು, ಒಂದು ಹಾಳೆಯ ಮೇಲೆ ಮೇಲಿನ ಐದು ಬಾಬುಗಳನ್ನು ಬರೆದು ತಮ್ಮ ಮನೆಯ ಅಂಕೆಗಳನ್ನು ತುಂಬಿ ನೋಡಲಿ. ಹಿರಿಯರು ಇರುವಾಗಲೇ ಇದು ಆಗುವುದು ಲೇಸು. ಅವರ ತರುವಾಯ ಇದೇ ಲೆಕ್ಕವನ್ನು ವಕೀಲರ ಮುಂದೆ, ಅವರ ಫೀಸಿನೊಡನೆ, ಹಾಕಬೇಕಾಗಿ ಬರುವುದು.